ಬಕೆಟ್ಟಿನ ಜ್ವರ

ರೂವಿಯ ನಮ್ಮ ಮೂರನೇ ಮಾಳಿಗೆಯಲ್ಲಿ
ಇರುವುದೊಂದೇ ಏಸಿ. ಅದು ಬಕೆಟ್ಟಿಗೆ.
ಅದರ ದಯೆಯಿಂದ ನಾವೂ ಅಲ್ಲೇ ಮಲಗುತ್ತೇವೆ.

ಬಿಳಿ ಬಕೆಟ್ಟು, ಇಪ್ಪತ್ತು ಲೀಟರಿನದ್ದು,
ಹಿಂದಿನ ಜನ್ಮದಲ್ಲಿ ಯಾವುದೋ ಹೋಟೆಲಿನ ಉಪ್ಪಿನಕಾಯಿ.
ಮುಚ್ಚಳಕ್ಕೆ ತೂತು, ತೂತಿಗೆ ನಳಿಗೆ,
ನಳಿಗೆಯ ತುದಿ ಒಂದು ಲೋಟ ನೀರಿನಲ್ಲಿ ಮುಳುಗಿ
ಗುಳುಕ್ ಎನ್ನುತ್ತದೆ.
ಮತ್ತೆ ಸುಮಾರು ಹೊತ್ತು ಏನೂ ಇಲ್ಲ.
ಮತ್ತೆ ಗುಳುಕ್.
ಅಷ್ಟಕ್ಕೇ ವಲೇರಿಯನ್ ಮುಖ ಅರಳುತ್ತದೆ:
'ಕೇಳಿತಾ? ಉಸಿರಾಡ್ತಾ ಉಂಟು!'

ಬಿಯರ್ ಎಂದರೆ ಹೆಸರಿಗೆ ಬಿಯರ್.
ಶುಂಠಿ, ಬೆಲ್ಲ, ಲಿಂಬೆ, ಒಂದು ಚಿಟಿಕೆ ಯೀಸ್ಟು.
ಬಾರ್ಲಿ, ಹಾಪ್ಸ್ ಅಂತೆಲ್ಲ ರಾತ್ರಿಯಿಡೀ ಓದುತ್ತಾನೆ,
ಕುದಿಸುವ ಧೈರ್ಯವಿಲ್ಲ,
ಇಲ್ಲಿನ ಕಾನೂನಿಗೂ ಹೆದರಿಕೆ, ನನಗೂ.
ಕೆಳಗಿನ ಅಂಗಡಿಯ ಮೋನಾಕ
ವಾರ ವಾರ ಎರಡು ಕಿಲೋ ಶುಂಠಿ ತೂಗುತ್ತ ಕೇಳುತ್ತಾರೆ:
'ನಿಮ್ಮ ಶೀತ ಇನ್ನೂ ಹೋಗ್ಲಿಲ್ವಾ?'

ಬಕೆಟ್ಟಿನೊಳಗೆ ಒಂದು ತಂತಿ,
ತಂತಿಯ ತುದಿಗೆ ಹೆಬ್ಬೆರಳಿನಷ್ಟು ಹಸಿರು ಬೋರ್ಡು,
ಅಲ್ಲಿಂದ ಅವನ ಫೋನಿಗೆ, ಅವನದ್ದರಿಂದ ನನ್ನದಕ್ಕೆ.
ರಾತ್ರಿ ಎರಡಕ್ಕೆ ಐಸಿಯುನಲ್ಲಿ
ಏಳನೇ ಹಾಸಿಗೆಯ ಅಜ್ಜನ ಚೀಟಿಯಲ್ಲಿ
ಮೂವತ್ತೆಂಟೂವರೆ ಎಂದು ಬರೆಯುತ್ತಿರುವಾಗ
ಜೇಬು ನಡುಗುತ್ತದೆ:
ಬಕೆಟ್ಟಿಗೆ ಇಪ್ಪತ್ತಾರು.

ನನಗೂ ಒಂದು ಕೈಗಡಿಯಾರ ಕಟ್ಟಿದ್ದಾನೆ.
ಅದು ನಿದ್ದೆ ಅಳೆಯುತ್ತದೆ, ಹೆಜ್ಜೆ ಎಣಿಸುತ್ತದೆ,
ಹನ್ನೆರಡು ಗಂಟೆ ನಿಂತು ದುಡಿದು ಬಸ್ಸಿನಲ್ಲಿ ಕೂತವಳಿಗೆ
'ಸ್ವಲ್ಪ ಎದ್ದು ಓಡಾಡಿ' ಎನ್ನುತ್ತದೆ.
ಎಷ್ಟಾಯಿತು ಎಂದು ಕೇಳಿದರೆ
ರಿಯಾಲಿನಲ್ಲಿ ಹೇಳುತ್ತಾನೆ, ಸಣ್ಣದಾಗಿ ಕೇಳಲಿ ಎಂದು.
ನಾನೂ ರಿಯಾಲಿನಲ್ಲೇ ಸಂಬಳ ಎಣಿಸುವವಳು, ಮಾರಾಯ.

ಫೆಬ್ರವರಿಯ ಒಂದು ಶುಕ್ರವಾರ, ಇನ್ನೂ ಕತ್ತಲೆ,
ರಿಯಾಮಿನ ಆ ದೊಡ್ಡ ಧೂಪಪಾತ್ರೆಯ ಹಿಂದಿನಿಂದ ಗುಡ್ಡ ಹತ್ತಿದೆವು.
ಹಿಂದೆ ಕತ್ತೆಗಳು ನಡೆದ ದಾರಿಯಂತೆ.
ಅವನ ಬೆನ್ನಿನ ಮೇಲೆ ಎರಡು ಬ್ಯಾಟರಿ, ಮಡಚುವ ಸೋಲಾರ್ ಹಾಳೆ,
ಎತ್ತರ ಹೇಳುವ ಯಂತ್ರ, ಆ ಯಂತ್ರಕ್ಕೊಂದು ಛತ್ರಿ.
ನನ್ನ ಬೆನ್ನಿನ ಮೇಲೆ ನೀರು.
ಕಮರಿಯ ನಡುವೆ ಯಂತ್ರಕ್ಕೆ ಆಕಾಶ ತಪ್ಪಿತು.
'ನಾವೀಗ ಸಮುದ್ರದೊಳಗೆ ಇದ್ದೇವೆ ಅಂತ ತೋರಿಸ್ತದೆ' ಎಂದ,
ಸುಡುಗಲ್ಲಿನಂತಹ ಬೋಳು ಬೆಟ್ಟದ ಮೇಲೆ ನಿಂತು.
ಎದುರು ಬಂಡೆಯ ಮೇಲೆ ಯಾರೋ ಬಳಿದಿದ್ದ ಪಟ್ಟೆ:
ಹಳದಿ, ಬಿಳಿ, ಕೆಂಪು.
ಅದು ಮುಗಿದಲ್ಲಿ ಇನ್ನೊಂದು.
ಅವನು ಯಂತ್ರವನ್ನು ಚೀಲಕ್ಕೆ ಹಾಕಲಿಲ್ಲ,
ಕೈಯಲ್ಲೇ ಹಿಡಿದು, ನೋಡದೆ ನಡೆದ,
ಮತ್ರಾದ ದೋಣಿಗಳು ಕಾಣುವವರೆಗೂ.

ಜೂನ್.
ಸೋಹಾರಿನಲ್ಲಿ ಲಿಫ್ಟ್ ರಿಪೇರಿಗೆ ಹೋದವನು ಅಲ್ಲೇ ಉಳಿದ ರಾತ್ರಿ
ನಮ್ಮ ಓಣಿಗೆ ಕರೆಂಟು ಹೋಯಿತು.
ಏಸಿ ಒಮ್ಮೆ ಕೆಮ್ಮಿ ಸುಮ್ಮನಾಯಿತು.
ಹಸಿರು ಬೋರ್ಡಿಗೆ ಬ್ಯಾಟರಿ ಇತ್ತಲ್ಲ,
ಇಪ್ಪತ್ತೇಳು. ಇಪ್ಪತ್ತೆಂಟೂವರೆ.
ಅವನ ಫೋನ್ ಬರಲಿಲ್ಲ. ನೋಡುತ್ತಿದ್ದಾನೆ ಎಂದು ಗೊತ್ತಿತ್ತು.

ಬೈದುಕೊಳ್ಳುತ್ತಲೇ ಎದ್ದೆ.
ಹಳೇ ನೈಟಿ ಹರಿದು ನೀರಲ್ಲಿ ಅದ್ದಿ ಹಿಂಡಿ
ಬಕೆಟ್ಟಿನ ಸುತ್ತ ಸುತ್ತಿದೆ,
ನೆತ್ತಿಗೊಂದು, ಹೊಟ್ಟೆಗೊಂದು.
ಎಷ್ಟು ಹಣೆಗಳಿಗೆ ಮಾಡಿದ ಕೈ ಇದು,
ಪ್ಲಾಸ್ಟಿಕ್ಕೋ ಚರ್ಮವೋ ಎಂದು ಕೇಳುವುದಿಲ್ಲ.
ಕಾಲು ಗಂಟೆಗೊಮ್ಮೆ ಬಟ್ಟೆ ತಿರುವಿ ಹಾಕುತ್ತ
ರಟ್ಟಿನ ತುಂಡಿನಿಂದ ಗಾಳಿ ಬೀಸಿದೆ.
ನನಗೂ ಒಂದೆರಡು ಬೀಸು ಸಿಕ್ಕಿತು.

ಮೂರೂ ಇಪ್ಪತ್ತಕ್ಕೆ ಗೆರೆ ಬಗ್ಗಿತು.
ಇಪ್ಪತ್ತೇಳೂವರೆ. ಇಪ್ಪತ್ತಾರು.
ಮೆಸೇಜು ಬಂತು, ಅಷ್ಟು ಹೊತ್ತಿನಲ್ಲಿ, ಎರಡೇ ಪದ:
'ಥ್ಯಾಂಕ್ಯೂ ಸಿಸ್ಟರ್.'
ಕತ್ತಲಲ್ಲಿ ಒಬ್ಬಳೇ ನಕ್ಕೆ. ಮೈಯೆಲ್ಲ ಬೆವರು.

ಆ ಸಲದ್ದು ಹುಳಿ ಬಂದಿತ್ತು.
ಮೋನಾಕ ಮೂಸಿ ನೋಡಿ, ಬಾಟಲಿಯನ್ನು ಮೆಲ್ಲಗೆ ಹಿಂದೆ ಸರಿಸಿ,
ಶುಂಠಿ ಮಾತ್ರ ಇನ್ನೆರಡು ಕಿಲೋ ತೂಗಿದರು.